ಅಂಗಡಿ ಅಕ್ಕನ ಉತ್ತರ: ಚೀಟಿಯಲ್ಲಿ 129, ಬಿಲ್ಲಲ್ಲಿ 158

ಹಾಸನದ ಅರಳೇಪೇಟೆಯಲ್ಲಿ ನಾನು, ನಮ್ಮ ಯಜಮಾನರು 27 ವರ್ಷ ದಿನಸಿ ಅಂಗಡಿ ನಡೆಸಿದೆವು. ಬಾಗಿಲು ಹಾಕಿ ಆರು ವರ್ಷ ಆಯಿತು. ಈಗ ನಾನೂ ನಿಮ್ಮ ಹಾಗೇ ಟ್ರಾಲಿ ತಳ್ಳಿಕೊಂಡು ಸೂಪರ್ ಮಾರ್ಕೆಟ್ಟಿನಲ್ಲಿ ಸುತ್ತುವವಳು. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಆಫರ್ ಬಗ್ಗೆಯೇ ಇವೆ. ಹಬ್ಬದ ಸಾಮಾನು ತಂದ ಬಿಲ್ಲುಗಳನ್ನು ಎಲ್ಲರೂ ಈಗ ಬಿಡಿಸಿ ನೋಡುತ್ತಿದ್ದೀರಿ ಅಂತ ಕಾಣುತ್ತೆ.

ಅಕ್ಕಾ, ನಾವು ವಿದ್ಯಾನಗರದಲ್ಲಿದ್ದೇವೆ. ಹೋದ ಸೋಮವಾರ ಬೆಳಗ್ಗೆ ಸೂಪರ್ ಮಾರ್ಕೆಟ್ಟಿಗೆ ಹೋಗಿದ್ದೆ. ತೊಗರಿಬೇಳೆ ರ‍್ಯಾಕಿನಲ್ಲಿ ಕೆಂಪು ಚೀಟಿ ಇತ್ತು, ಕೆಜಿಗೆ 129 ರೂಪಾಯಿ ಅಂತ. ಎರಡು ಪ್ಯಾಕೆಟ್ ಹಾಕಿಕೊಂಡೆ. ಮನೆಗೆ ಬಂದು ನೋಡಿದರೆ ಬಿಲ್ಲಲ್ಲಿ ಒಂದಕ್ಕೆ 158. ಫೋನ್ ಮಾಡಿದ್ದಕ್ಕೆ ‘ಆಫರ್ ಭಾನುವಾರಕ್ಕೇ ಮುಗೀತು ಮೇಡಂ’ ಅಂದರು. 58 ರೂಪಾಯಿ ಹೋಯಿತು. ತಪ್ಪು ನನ್ನದಾ?

ಸೋಮವಾರ ಬೆಳಗ್ಗೆ ಅಂದಿರಲ್ಲ, ಅಲ್ಲೇ ಅರ್ಧ ಉತ್ತರ ಇದೆ.

ನನ್ನ ತಂಗಿಯ ಮಗಳು ಎರಡು ವರ್ಷ ಇಂಥದ್ದೇ ಒಂದು ಅಂಗಡಿಯಲ್ಲಿ ಬಿಲ್ಲಿಂಗ್ ಮಾಡುತ್ತಿದ್ದಳು. ಒಳಗಿನ ಕಥೆ ನನಗೆ ಗೊತ್ತಾಗಿದ್ದು ಅವಳಿಂದ. ಬೆಲೆ ಇರುವುದು ಎರಡು ಕಡೆ. ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ರ‍್ಯಾಕಿಗೆ ಸಿಕ್ಕಿಸಿದ ಕಾಗದದಲ್ಲಿ. ಭಾನುವಾರ ರಾತ್ರಿ ಆಫರ್ ಮುಗಿದರೆ ಕಂಪ್ಯೂಟರಿನಲ್ಲಿ ಬೆಲೆ ತಾನಾಗಿ ಬದಲಾಗುತ್ತದೆ. ಕಾಗದ ತಾನಾಗಿ ಬದಲಾಗುವುದಿಲ್ಲ. ಅದನ್ನು ಒಬ್ಬ ಹುಡುಗ ಕಿತ್ತು, ಹೊಸದು ಪ್ರಿಂಟ್ ತೆಗೆದು, ಒಂದೊಂದಾಗಿ ಸಿಕ್ಕಿಸಬೇಕು. ‘ದೊಡ್ಡಮ್ಮ, ಬಾಗಿಲು ತೆಗೆಯೋದ್ರೊಳಗೆ ನೂರಾರು ಚೀಟಿ ಬದಲಿಸಬೇಕು, ಇರೋದು ಇಬ್ಬರೇ’ ಅನ್ನುತ್ತಿದ್ದಳು. ಹತ್ತು ಗಂಟೆಗೆ ಬಂದ ಗಿರಾಕಿಗೆ ಕಾಣುವುದು ಹಳೇ ಕೆಂಪು ಚೀಟಿ. ಕೌಂಟರಿನಲ್ಲಿ ಬೀಪ್ ಅನ್ನುವುದು ಹೊಸ ಬೆಲೆ.

ಇದು ಬೇಕಂತಲೇ ಮಾಡಿದ ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಮಾತು ಅವಳನ್ನೇ ಕೇಳಿದೆ. ಆಫರ್ ಶುರುವಾಗುವ ದಿನ ಚೀಟಿ ಹಾಕುವುದು ತಡ ಆಗುತ್ತಾ ಅಂತ. ನಕ್ಕುಬಿಟ್ಟಳು. ಶುರುವಾಗುವ ಹಿಂದಿನ ಸಂಜೆಯೇ ಹಾಕಿ ಆಗಿರುತ್ತಂತೆ. ತಡವಾಗುವುದು ತೆಗೆಯುವಾಗ ಮಾತ್ರ.

ಹಾಗಾಗಿ ತಪ್ಪು ನಿಮ್ಮದಲ್ಲ. ಚೀಟಿ ಅಲ್ಲಿದ್ದಷ್ಟು ಹೊತ್ತು ಅದು ಅಂಗಡಿಯವರ ಮಾತು. ಬೆಲೆ ವಿಷಯದಲ್ಲಿ ಜನರನ್ನು ದಾರಿ ತಪ್ಪಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಕರೆಯುತ್ತದೆ. ಬಿಲ್ ಮತ್ತು ಒಡೆಯದ ಪ್ಯಾಕೆಟ್ ತೆಗೆದುಕೊಂಡು ಹೋಗಿ ಮ್ಯಾನೇಜರನ್ನು ಕೇಳಿ. ವ್ಯತ್ಯಾಸದ ಹಣ ಕೊಡಿ, ಇಲ್ಲ ಬೇಳೆ ವಾಪಸ್ ತೆಗೆದುಕೊಳ್ಳಿ ಅನ್ನಿ. ಚೀಟಿಯ ಫೋಟೋ ಇದ್ದಿದ್ದರೆ ಎರಡು ನಿಮಿಷದ ಕೆಲಸ ಆಗುತ್ತಿತ್ತು. ಕೆಂಪು ಚೀಟಿ ನೋಡಿ ಏನಾದರೂ ಎತ್ತಿಕೊಂಡರೆ ನಾನು ಈಗ ಅಲ್ಲೇ ಒಂದು ಫೋಟೋ ಹೊಡೆಯುತ್ತೇನೆ. ಚೀಟಿಯ ಕೆಳಗೆ ಇರುವೆ ಸಾಲಿನ ಹಾಗೆ ಒಂದು ತಾರೀಕು ಇರುತ್ತೆ. ಫೋಟೋ ದೊಡ್ಡದು ಮಾಡಿದರೆ ಅದೂ ಕಾಣುತ್ತೆ.

ನನಗೂ ಆಗಿದೆ. ಹಾಸನಾಂಬೆ ಬಾಗಿಲು ತೆರೆದಿದ್ದ ದಿನಗಳು, ಮನೆ ತುಂಬ ನೆಂಟರು. ಬಟ್ಟೆ ಸೋಪಿನ ಪುಡಿ ನಾಲ್ಕು ಕೆಜಿ ಚೀಲಕ್ಕೆ 90 ರೂಪಾಯಿ ಕಡಿಮೆ ಅಂತ ಬೋರ್ಡು. ಬಿಲ್ಲಲ್ಲಿ ಒಂದು ಪೈಸೆ ಕಡಿಮೆ ಆಗಿರಲಿಲ್ಲ. ಕೇಳಿದೆ. ಆ ಆಫರ್ ಪಕ್ಕದ ನೀಲಿ ಚೀಲಕ್ಕಂತೆ, ನಾನು ಎತ್ತಿದ್ದು ಹಸಿರು. ಬೋರ್ಡು ಮಾತ್ರ ಎರಡರ ಮಧ್ಯೆ ತೂಗಾಡುತ್ತಿತ್ತು! ಇಪ್ಪತ್ತೇಳು ವರ್ಷ ಸಾಮಾನು ಮಾರಿದವಳು ನಾನು. ಯಜಮಾನರು ಇವತ್ತಿಗೂ ಹಸಿರು ಚೀಲ ಅಂದರೆ ನಗುತ್ತಾರೆ.

ಇನ್ನೊಂದು. ಬಾಗಿಲ ಹತ್ತಿರ ಸೆಕ್ಯೂರಿಟಿಯವರು ಬಿಲ್ಲಿಗೆ ಪೆನ್ನಲ್ಲಿ ಒಂದು ಗೀಟು ಎಳೆಯುತ್ತಾರಲ್ಲ, ಅದು ಅಂಗಡಿಯ ಸಾಮಾನು ಕಳುವಾಗದಿರಲಿ ಅಂತ. ನಿಮ್ಮ ದುಡ್ಡಿಗೂ ಆ ಗೀಟಿಗೂ ಸಂಬಂಧ ಇಲ್ಲ. ಗೀಟು ಎಳೆಸುವ ಮುಂಚೆ ಪಕ್ಕಕ್ಕೆ ನಿಂತು, ಕನ್ನಡಕ ಹಾಕಿಕೊಂಡು, ಆಫರ್ ಅಂತ ತೆಗೆದುಕೊಂಡ ಸಾಮಾನಿನ ಸಾಲನ್ನಷ್ಟೇ ಓದಿ. ಪೂರ್ತಿ ಬಿಲ್ ಓದಬೇಕಿಲ್ಲ. ಆ ಬಿಲ್ಲಿನ ಕಾಗದ ಬಿಸಿಲಿಗೆ ಬಿಟ್ಟರೆ ಬೇಗ ಬಿಳಚಿಕೊಳ್ಳುತ್ತದೆ, ಅದಕ್ಕೂ ಒಂದು ಫೋಟೋ ಇರಲಿ.

ಕಾಫಿ ಸೀಮೆಯವಳೇ ಕಾಫಿ ಪುಡಿಯಲ್ಲಿ ಮೋಸ ಹೋದೆ ಅನ್ನಿಸುತ್ತೆ ಅಕ್ಕ. ಚಿಕ್ಕಮಗಳೂರಿನ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ 200 ಗ್ರಾಂ ಪ್ಯಾಕೆಟ್ 230 ರೂಪಾಯಿ, ಒಂದು ಕೊಂಡರೆ ಒಂದು ಫ್ರೀ. ನಾವು ಯಾವಾಗಲೂ ತರುವ ಪುಡಿ ಅಂಗಡಿಯಲ್ಲಿ ಕೆಜಿಗೆ 640. ಉಳಿತಾಯ ಆಯ್ತು ಅಂದುಕೊಂಡೆ. ಡಿಕಾಕ್ಷನ್ ಕಪ್ಪಗೆ ಗಟ್ಟಿಯಾಗಿ ಇಳಿಯುತ್ತೆ, ಘಮ ಮಾತ್ರ ಇಲ್ಲ.

ಪ್ಯಾಕೆಟ್ ತಿರುಗಿಸಿ ನೋಡಿ ತಾಯಿ. ಕಾಫಿ ಇಷ್ಟು, ಚಿಕೋರಿ ಇಷ್ಟು ಅಂತ ಬರೆದಿರಲೇಬೇಕು. ಚಿಕೋರಿ ಬೆರೆಸಿದ ಪುಡಿಯಲ್ಲಿ ನೂರಕ್ಕೆ 51 ಪಾಲಾದರೂ ಕಾಫಿ ಇರಬೇಕು ಅನ್ನುವುದು ನಿಯಮ. ಅಂದರೆ 49 ಪಾಲಿನವರೆಗೆ ಚಿಕೋರಿ ಹಾಕಿದರೂ ಕಾನೂನು ಸುಮ್ಮನಿರುತ್ತದೆ. ನೀವು ಕಳಿಸಿದ ಫೋಟೋದಲ್ಲಿ ನನಗೆ ಕಂಡಿದ್ದು ಕಾಫಿ 53, ಚಿಕೋರಿ 47. ಕಪ್ಪಗೆ ಗಟ್ಟಿಯಾಗಿ ಇಳಿದದ್ದು ಚಿಕೋರಿಯ ಗುಣ. ಚಿಕೋರಿ ಕೆಟ್ಟದ್ದು ಅಂತಲ್ಲ. ನಮ್ಮ ಯಜಮಾನರಿಗೆ ಸ್ವಲ್ಪ ಇರಲೇಬೇಕು.

ಈಗ ಲೆಕ್ಕ ಹಾಕೋಣ. ನಿಮ್ಮ ಎರಡು ಪ್ಯಾಕೆಟ್ ಸೇರಿ 400 ಗ್ರಾಂ, 230 ರೂಪಾಯಿ. ಅದರಲ್ಲಿ ಕಾಫಿ 212 ಗ್ರಾಂ. ನಿಮ್ಮ ಪುಡಿ ಅಂಗಡಿಯಲ್ಲಿ ಎಂಬತ್ತು ಇಪ್ಪತ್ತು ಬೆರಕೆ ಅಂತ ಬರೆದಿದ್ದೀರಿ. ಅಲ್ಲಿ 400 ಗ್ರಾಂಗೆ 256 ರೂಪಾಯಿ, ಕಾಫಿ 320 ಗ್ರಾಂ. 26 ರೂಪಾಯಿ ಉಳಿಸಲು ಹೋಗಿ 108 ಗ್ರಾಂ ಕಾಫಿ ಬಿಟ್ಟು ಬಂದಿರಿ. ಅದರ ಮೇಲೆ, ಎದುರಿಗೇ ಬೀಜ ಬೀಸಿ ಕೊಡುವ ಅಂಗಡಿಯ ಆ ವಾಸನೆ ಬೇರೆ!

ಫ್ರೀ ಅನ್ನುವ ಪದ ಕಂಡರೆ ನಾನು ನೋಡುವುದು ತೂಕ, ಆಮೇಲೆ ತಾರೀಕು. ಎರಡೂ ಪ್ಯಾಕೆಟ್ಟಿನ ತಾರೀಕು ನೋಡಿ, ಫ್ರೀ ಬಂದದ್ದು ಮುಂದಿನ ತಿಂಗಳೇ ಮುಗಿಯುವುದು ಇರಬಹುದು. ಎಂಆರ್‌ಪಿ ಪಕ್ಕದಲ್ಲಿ ಈಗ ಗ್ರಾಂಗೆ ಇಷ್ಟು, ಮಿಲಿಲೀಟರಿಗೆ ಇಷ್ಟು ಅಂತ ಸಣ್ಣ ಅಕ್ಷರದಲ್ಲಿ ಇನ್ನೊಂದು ಬೆಲೆ ಇರುತ್ತದೆ. ಜನ ಅದನ್ನು ನೋಡುವುದೇ ಇಲ್ಲ. ನನ್ನ ಕೇಳಿದರೆ ಇಡೀ ಪ್ಯಾಕೆಟ್ಟಿನಲ್ಲಿ ಅದರಷ್ಟು ಉಪಕಾರಿ ಅಕ್ಷರ ಬೇರೆ ಇಲ್ಲ. ಯಾಕೆಂದರೆ ಕೆಲವು ವರ್ಷದ ಹಿಂದಿನವರೆಗೆ ಕಾಫಿ, ಟೀ, ಬಿಸ್ಕತ್ತು, ಎಣ್ಣೆ ಎಲ್ಲಕ್ಕೂ ಇಂತಿಷ್ಟೇ ತೂಕದ ಪ್ಯಾಕೆಟ್ ಇರಬೇಕು ಅಂತ ಕಟ್ಟು ಇತ್ತು. ಅದನ್ನು ತೆಗೆದರು. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಅಂದರೆ ಸುಮಾರು 910 ಗ್ರಾಂ. ಈಗ ಅದೇ ಎತ್ತರದ ಪೊಟ್ಟಣದ ಮೇಲೆ 850 ಅಂತಲೂ ಇರುತ್ತೆ, 800 ಅಂತಲೂ ಇರುತ್ತೆ. ಪಕ್ಕದ ಕಂಪನಿಗಿಂತ ಎಂಟು ರೂಪಾಯಿ ಕಡಿಮೆ ಅಂತ ನಾವು ಎತ್ತಿಕೊಳ್ಳುತ್ತೇವೆ. ಕಡಿಮೆ ಆಗಿರುವುದು ಎಣ್ಣೆ. ಆಫರ್ ಇದ್ದಾಗ ಆ ಸಣ್ಣ ಬೆಲೆಯೂ ಕೈಕೊಡುತ್ತದೆ, ಅದು ಎಂಆರ್‌ಪಿ ಲೆಕ್ಕದ್ದು. ಆಗ ಫೋನಿನಲ್ಲೇ ಭಾಗಿಸಿಕೊಳ್ಳಿ.

640 ರೂಪಾಯಿಯ ತುಪ್ಪದ ಡಬ್ಬಿಗೆ ಚೀಟಿಯಲ್ಲಿ 64 ಅಂತ ಇತ್ತು. ಕೌಂಟರಿನಲ್ಲಿ ಕೊಡಲ್ಲ ಅಂದರು. ಕೇಸ್ ಹಾಕಬಹುದಾ? ಸಕಲೇಶಪುರದಿಂದ ನಿಮ್ಮ ಓದುಗ.

ಬೇಡ ತಮ್ಮಾ. ಸೊನ್ನೆ ಬಿಟ್ಟುಹೋಗಿದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ರ‍್ಯಾಕಿನ ಚೀಟಿ ಬನ್ನಿ ಅಂತ ಕರೆಯುವುದಷ್ಟೇ, ವ್ಯಾಪಾರ ಕುದುರುವುದು ಕೌಂಟರಿನಲ್ಲಿ. ಇಂಥ ಕಣ್ಣಿಗೆ ಹೊಡೆಯುವ ತಪ್ಪಿಗೆ ಅಂಗಡಿಯವರು ಕೊಡಲ್ಲ ಅನ್ನಬಹುದು, ನೀನೂ ಬೇಡ ಅಂತ ಡಬ್ಬಿ ಇಟ್ಟು ಬರಬಹುದು. ಒಮ್ಮೆ ನಮ್ಮ ಅಂಗಡಿಯ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಸಕ್ಕರೆ 3 ರೂಪಾಯಿ ಅಂತ ಬರೆದಿದ್ದೆ, ಪಕ್ಕದ 4 ಮಳೆ ಹನಿಗೆ ಅಳಿಸಿಹೋಗಿತ್ತು. ಒಬ್ಬರೂ ಜಗಳ ಆಡಲಿಲ್ಲ, ಎಲ್ಲರೂ ಬಂದು ನಕ್ಕರು.

ಸೋಪಿನ ಮೇಲೆ ಎರಡು ಎಂಆರ್‌ಪಿ ಇದೆ. ಅಚ್ಚಾಗಿರುವುದು ಒಂದು, ಚೀಟಿ ಅಂಟಿಸಿರುವುದು ಒಂದು. ಯಾವುದು ಕೊಡಬೇಕು? ಅರಸೀಕೆರೆ.

ಎರಡರಲ್ಲಿ ಕಡಿಮೆ ಯಾವುದೋ ಅದು. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟಿಗೆ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತಲ್ಲ, ಆಗ ಹಳೇ ಸ್ಟಾಕಿಗೆ ಹೊಸ ಬೆಲೆ ಚೀಟಿ ಅಂಟಿಸಲು ಕಂಪನಿಗಳಿಗೆ ಬಿಟ್ಟರು. ಆದರೆ ಹಳೇ ಬೆಲೆ ಮುಚ್ಚಬಾರದು. ಅಂಗಡಿಯವರು ಬೆಲೆ ಅಳಿಸಿ, ಉಜ್ಜಿ, ಜಾಸ್ತಿ ಬೆಲೆಯ ಚೀಟಿ ಅಂಟಿಸಿದ್ದರೆ ಅದು ತಪ್ಪೇ ತಪ್ಪು. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದರ ಮೇಲೆ ಜಿಎಸ್‌ಟಿ ಬೇರೆ ಅನ್ನುವ ಹಾಗಿಲ್ಲ. ಇಂಥದ್ದನ್ನು ಕಾನೂನು ಮಾಪನಶಾಸ್ತ್ರ ಇಲಾಖೆಗೆ ತಿಳಿಸಿ, ನಮ್ಮ ಕಾಲದವರು ತೂಕ ಅಳತೆಯವರು ಅನ್ನುತ್ತಿದ್ದೆವು. ನಮ್ಮ ತಕ್ಕಡಿ ಬಟ್ಟಿಗೆ ಮುದ್ರೆ ಹಾಕಲು ಬರುತ್ತಿದ್ದವರು ಅವರೇ. ಅವರು ಬರುತ್ತಾರೆ ಅಂದರೆ ಇಡೀ ಬೀದಿಯ ತಕ್ಕಡಿ ಹೊಳೆಯುತ್ತಿತ್ತು.

ನಮ್ಮ ಮನೆಯವರು ‘30 ರೂಪಾಯಿಗೆ ಅಂಗಡಿ ಮುಂದೆ ಮರ್ಯಾದೆ ಕಳೀಬೇಡ’ ಅಂತಾರೆ. ಸುಮ್ನೆ ಬಿಟ್ಟುಬಿಡಬೇಕಾ? ಬೇಲೂರು.

ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ. ದಿನಕ್ಕೆ ನೂರು ಜನ ಮೂವತ್ತು ರೂಪಾಯಿ ಬಿಟ್ಟು ಹೋದರೆ ಒಂದೇ ದಿನಕ್ಕೆ ಮೂರು ಸಾವಿರ. ಮರ್ಯಾದೆ ಹೋಗುವುದು ಕೇಳಿದವರದ್ದಲ್ಲ.

ಆದರೆ ಬಿಲ್ಲಿಂಗ್ ಹುಡುಗಿಯ ಮೇಲೆ ಕೂಗಾಡಬೇಡಿ. ಬೆಲೆ ಬದಲಿಸುವ ಅಧಿಕಾರ ಅವಳಿಗಿಲ್ಲ, ನಿಂತು ನಿಂತು ಕಾಲು ಊದಿರುತ್ತೆ. ಮ್ಯಾನೇಜರನ್ನು ಕರೆಸಿ, ಮೆಲ್ಲಗೆ ಹೇಳಿ. ಬಹಳ ಸಲ ಅಲ್ಲೇ ಮುಗಿಯುತ್ತದೆ. ಆಗಲಿಲ್ಲ ಅಂದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಅದು ಕೋರ್ಟಲ್ಲ, ತೀರ್ಪು ಕೊಡುವುದಿಲ್ಲ. ತೀರ್ಪೇ ಬೇಕು ಅಂದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಮೂವತ್ತು ರೂಪಾಯಿಗೆ ಬೇಲೂರಿಂದ ಹಾಸನಕ್ಕೆ ನಾಲ್ಕು ಸಲ ಬಸ್ಸು ಹತ್ತುತ್ತೀರಾ ಅನ್ನುವುದು ನಿಮಗೆ ಬಿಟ್ಟದ್ದು. ನಾನಾದರೆ 1915ರ ತನಕ ಹೋಗುತ್ತೇನೆ, ಅದೇ ತಪ್ಪು ಅದೇ ಅಂಗಡಿಯಲ್ಲಿ ಮೂರನೇ ಸಲ ಆದರೆ ಬಸ್ಸು ಹತ್ತುತ್ತೇನೆ.

ಪತ್ರದ ಜೊತೆ ಬಿಲ್ಲಿನ ಫೋಟೋ ಕಳಿಸುವವರು ಅದರ ಮೇಲಿರುವ ನಿಮ್ಮ ಫೋನ್ ನಂಬರನ್ನು ಬೆರಳಲ್ಲಿ ಮುಚ್ಚಿಕೊಂಡು ಫೋಟೋ ತೆಗೆಯಿರಿ. ಬೆಲೆಯ ಸಾಲು ಮಾತ್ರ ಮುಚ್ಚಬೇಡಿ. ಈ ಸಲ ಮೂರು ಜನ ಅದನ್ನೇ ಮುಚ್ಚಿ ಕಳಿಸಿದ್ದೀರಿ.