ಟೈಮ್ ಟೇಬಲ್ ಗೋಡೆಗೆ ಅಂಟಿಸಿದರೂ ಮೂರನೇ ಕ್ಲಾಸಿನ ಮಗ ಪಾಲಿಸುತ್ತಿಲ್ಲ, ಶಿಸ್ತು ಕಲಿಸುವುದು ಹೇಗೆ?

ಬೆಳಿಗ್ಗೆ 5ಕ್ಕೆ ಏಳುವುದು, ರಾತ್ರಿ 8ಕ್ಕೆ ನೀವು ಆಫೀಸಿನಿಂದ ಬಂದು ಓದಿಸುವುದು, 10ಕ್ಕೆ ಮಲಗುವುದು. ನಾಲ್ಕೇ ದಿನಕ್ಕೆ ಎಲ್ಲ ಬಿದ್ದುಹೋಯಿತು ಅಂತ ಬರೆದಿದ್ದೀರಿ. ಓದಿ ನಗು ಬಂತು, ಬೇಸರವೂ ಆಯಿತು. ನಮ್ಮ ಮನೆ ಗೋಡೆಯಲ್ಲೂ ಅಂಥದ್ದೇ ಒಂದು ಇತ್ತು. ಸ್ಕೆಚ್ ಪೆನ್ನಿನಲ್ಲಿ ಬಣ್ಣ ಬಣ್ಣವಾಗಿ ನಾನೇ ಬರೆದದ್ದು.

ನಮ್ಮದು ಕಾಸರಗೋಡಿನ ನೀರ್ಚಾಲು ಕಡೆ. ನನಗೆ ಮಂಗಳೂರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳಿಗ್ಗೆ ಕುಂಬಳೆವರೆಗೆ ಬೈಕು, ಅಲ್ಲಿಂದ ರೈಲು. ಸಂಜೆ ಅದೇ ದಾರಿಯಲ್ಲಿ ವಾಪಸು. ಮಗಳು ಆಗ ನಾಲ್ಕನೇ ಕ್ಲಾಸು, ಹತ್ತಿರದ ಕನ್ನಡ ಮೀಡಿಯಂ ಶಾಲೆ. ಕೇರಳದಲ್ಲಿ ನಾಲ್ಕನೆಯವರಿಗೆ ಆಗ ಎಲ್‌ಎಸ್‌ಎಸ್ ಅಂತ ಸರಕಾರದ ಸ್ಕಾಲರ್‌ಶಿಪ್ ಪರೀಕ್ಷೆ ಇತ್ತು. ಅದರ ಬಿಸಿ ಮಕ್ಕಳಿಗಿಂತ ಜಾಸ್ತಿ ಅಪ್ಪ ಅಮ್ಮನಿಗೆ. ನನಗೂ ಹತ್ತಿತು. ಹಾಗೆ ಹುಟ್ಟಿದ್ದು ಆ ಟೈಮ್ ಟೇಬಲ್.

ಅದರಲ್ಲಿ ಒಂದು ಸಾಲು ಹೀಗಿತ್ತು: "ಅಪ್ಪ ಬಂದ ಮೇಲೆ ಹೋಂವರ್ಕ್." ನಾನು ಮಾಡಿದ ತಪ್ಪು ಇದೊಂದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮದರಲ್ಲೂ ಇದೇ ಸಾಲು ಇದೆ.

ರೈಲು ಸರಿಯಾಗಿ ಸಿಕ್ಕಿದರೆ ನಾನು ಏಳೂವರೆಗೆ ಮನೆಯಲ್ಲಿ. ಅಂಗಡಿಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ಆ ರೈಲು ತಪ್ಪಿತು, ಮುಂದಿನದಕ್ಕೆ ಕಾಯಬೇಕು. ಅದನ್ನು ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ದಾರಿಯಲ್ಲಿ ಎಲ್ಲಾದರೂ ನಿಲ್ಲಿಸಿದರೆ ಇನ್ನೂ ತಡ. ಮಳೆಗಾಲದಲ್ಲಿ ಕುಂಬಳೆಯಲ್ಲಿ ಇಳಿದ ಮೇಲೂ ಯಾರದ್ದೋ ಅಂಗಡಿಯ ಮಾಡಿನಡಿ ನಿಲ್ಲಬೇಕು. ನಾನು ತಡವಾದರೆ ಹೋಂವರ್ಕ್ ತಡ. ಹೋಂವರ್ಕ್ ಮುಗಿಯದೆ ಊಟ ಇಲ್ಲ ಅಂತ ಇನ್ನೊಂದು ನಿಯಮ ಬೇರೆ ಮಾಡಿದ್ದೆ, ಹಾಗಾಗಿ ಊಟವೂ ತಡ. ಊಟ ತಡವಾದ ಮೇಲೆ ನಿದ್ದೆಯ ಕಥೆ ಕೇಳಬೇಕಾ? ಹತ್ತೂವರೆ, ಹನ್ನೊಂದು. ಬೆಳಿಗ್ಗೆ ಮಾತ್ರ ಟೈಮ್ ಟೇಬಲ್ ಪ್ರಕಾರ ಐದಕ್ಕೇ ಎಬ್ಬಿಸುವುದು. ಅಷ್ಟು ಹೊತ್ತಿಗೆ ನಾನು ಮನೆಯಲ್ಲೇ ಇರುತ್ತಿದ್ದೆನಲ್ಲ!

ಅಂದರೆ ಒಂದು ಮಗುವಿನ ಊಟ, ಪಾಠ, ನಿದ್ದೆ ಎಲ್ಲವನ್ನೂ ತೆಗೆದುಕೊಂಡು ಹೋಗಿ, ಆ ಮನೆಯಲ್ಲಿ ಯಾವುದಕ್ಕೆ ಹೊತ್ತು ಗೊತ್ತು ಇಲ್ಲವೋ ಅದಕ್ಕೇ ಕಟ್ಟಿದ್ದೆ. ಬೇರೆ ಎಲ್ಲದಕ್ಕೂ ಹೊತ್ತು ಇತ್ತು. ಹೆಂಡತಿ ಸಂಜೆ ಹಾಲು ಕರೆದು ಸೊಸೈಟಿಗೆ ಕೊಟ್ಟು ಬರುತ್ತಾಳೆ. ಅದು ನಮಗಾಗಿ ಕಾಯುವುದಿಲ್ಲ, ಒಂದು ದಿನವೂ ತಪ್ಪಿದ್ದಿಲ್ಲ. ಕತ್ತಲಾಗುವಾಗ ಅಮ್ಮ ದೀಪ ಹಚ್ಚುತ್ತಾರೆ. ಅದೂ ತಪ್ಪಿದ್ದಿಲ್ಲ. ತಪ್ಪುತ್ತಿದ್ದದ್ದು ನಾನೊಬ್ಬ. ಬೈಗುಳ ಮಾತ್ರ ಮಗಳಿಗೆ.

ಮಧ್ಯಾಹ್ನದ ಊಟ ಆದ ಮೇಲಿನ ಪೀರಿಯಡ್ಡಿನಲ್ಲಿ ಡೆಸ್ಕಿಗೆ ತಲೆ ಇಟ್ಟು ನಿದ್ದೆ ಮಾಡುತ್ತಾಳೆ ಅಂತ ಟೀಚರ್ ಹೇಳಿ ಕಳುಹಿಸಿದರು. ನಾನು ಅದಕ್ಕೂ ಅವಳಿಗೇ ಬೈದೆ. ಆಮೇಲೆ ಆದದ್ದು ನನಗೆ ಈಗಲೂ ಚುಚ್ಚುತ್ತದೆ. ಮೊದಲೆಲ್ಲ ಬೈಕಿನ ಶಬ್ದ ಕೇಳಿದರೆ ಅಂಗಳಕ್ಕೆ ಓಡಿ ಬರುತ್ತಿದ್ದಳು. ಆ ವರ್ಷ ಬೈಕಿನ ಶಬ್ದ ಕೇಳಿದ ಕೂಡಲೇ ಹೋಗಿ ಕಣ್ಣು ಮುಚ್ಚಿ ಮಲಗಲು ಕಲಿತಳು. ಊಟ ಕೂಡ ಬೇಡ. ಹೇಳಿದ್ದು ನನ್ನ ಅಮ್ಮ: "ನೀನು ಬಂದರೆ ಪುಸ್ತಕ ಬರ್ತದೆ ಅಂತ ಅದಕ್ಕೆ ಗೊತ್ತಾಗಿದೆ ಮಾರಾಯ."

ಎಲ್‌ಎಸ್‌ಎಸ್ ಸಿಗಲಿಲ್ಲ. ಇದರಿಂದಲೇ ಸಿಗಲಿಲ್ಲ ಅಂತ ಹೇಳಲಾರೆ. ಅದರ ಬೇಸರವೂ ಈಗ ಇಲ್ಲ.

ಸರಿಮಾಡಿದ್ದು ಅಮ್ಮನೇ. ನಾವು ಸಣ್ಣವರಿದ್ದಾಗ ದೀಪ ಹಚ್ಚಿದ ಮೇಲೆ ಕೈಕಾಲು ತೊಳೆದು ಚಾವಡಿಯಲ್ಲಿ ಕೂತು ಬಾಯಿಪಾಠ ಹೇಳಬೇಕಿತ್ತು. ವಾರ, ತಿಥಿ, ನಕ್ಷತ್ರ, ಮಗ್ಗಿ. ಅಮ್ಮ ಅದನ್ನೇ ಪುನಃ ಶುರು ಮಾಡಿದರು. ಬಾಯಿಪಾಠ ಮುಗಿದ ಕೂಡಲೇ, ಎದ್ದು ಹೋಗುವ ಮೊದಲು, ಅಲ್ಲೇ ಹೋಂವರ್ಕ್. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಈಗಿನ ಲೆಕ್ಕವೂ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಬತ್ತಿ ಹೊಸೆಯುತ್ತಾರೆ, ಅಷ್ಟೇ. ಅಷ್ಟು ಸಾಕಾಯಿತು. ತಪ್ಪು ಬರೆದರೆ ತಪ್ಪೇ ಇರಲಿ, ತಿದ್ದಲು ಶಾಲೆಯಲ್ಲಿ ಟೀಚರ್ ಇದ್ದಾರೆ. ಎಂಟಕ್ಕೆ ಗಂಜಿ, ಒಂಬತ್ತಕ್ಕೆ ಹಾಸಿಗೆ. ನಾನು ಬಂದರೂ ಸರಿ, ಬಾರದಿದ್ದರೂ ಸರಿ. ಬೆಳಿಗ್ಗೆ ನಾನು ಹೊರಡುವ ಮೊದಲು ಇಬ್ಬರೂ ಒಟ್ಟಿಗೆ ಕೂತು ದೋಸೆ ತಿನ್ನುತ್ತೇವೆ. ಆ ಹೊತ್ತಿನಲ್ಲಿ ಪುಸ್ತಕದ ಮಾತು ಎತ್ತಬಾರದು ಅಂತ ಹೆಂಡತಿಯ ಕಟ್ಟಪ್ಪಣೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಕೇಳಿದ್ದು ಶಿಸ್ತು ಕಲಿಸುವುದು ಹೇಗೆ ಅಂತ. ನಿಮ್ಮ ಮಗನಿಗೆ ಶಿಸ್ತಿನ ಕೊರತೆ ಇದೆ ಅಂತ ನನಗೆ ಅನಿಸುವುದಿಲ್ಲ. ಎಂಟು ವರ್ಷದ ಮಗುವಿಗೆ ಗಡಿಯಾರದ ಮುಳ್ಳು ನೋಡಿ ಬದುಕುವುದು ಬರುವುದಿಲ್ಲ. "ಇದಾದ ಮೇಲೆ ಇದು" ಅನ್ನುವುದು ಬರುತ್ತದೆ. ಶಾಲೆಯಲ್ಲಿ ನೋಡಿ. ಬೆಲ್ಲು, ಅಸೆಂಬ್ಲಿ, ಹಾಜರಿ, ಆಮೇಲೆ ಪಾಠ. ಊಟದ ಬೆಲ್ಲಾದರೆ ಕೈ ತೊಳೆಯುವುದು, ಸಾಲಾಗಿ ಕೂರುವುದು, ಉಂಡು ತಟ್ಟೆ ತೊಳೆದು ಇಡುವುದು. ಒಂದನೇ ಕ್ಲಾಸಿನವೂ ಮಾಡುತ್ತವೆ, ಯಾರೂ ಗೋಡೆ ನೋಡುವುದಿಲ್ಲ. ಮುಂದೆ ಏನು ಅಂತ ಗೊತ್ತಿದ್ದರೆ ಮಕ್ಕಳಿಗೆ ಅರ್ಧ ಗಲಾಟೆ ಕಡಿಮೆ.

ನಾಲ್ಕು ದಿನದಲ್ಲಿ ಬಿಟ್ಟ ಅಂತ ದೂರಿದ್ದೀರಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ನೋಡಿ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಹೊಸ ಅಭ್ಯಾಸ ತಾನಾಗಿ ನಡೆಯುವ ಹಾಗಾಗಲು ಸರಾಸರಿ 66 ದಿನ ಬೇಕಾಯಿತು. ಅವರೆಲ್ಲ ದೊಡ್ಡವರು! ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ. ನನಗೆ ಹಿಡಿಸಿದ ವಿಷಯ ಬೇರೆ. ಅವರು ಹೊಸ ಅಭ್ಯಾಸವನ್ನು ದಿನಾ ಹೇಗೂ ನಡೆಯುವ ಯಾವುದಾದರೂ ಒಂದರ ಜೊತೆಗೆ ಜೋಡಿಸಿಕೊಂಡಿದ್ದರು, ಬೆಳಗಿನ ತಿಂಡಿ ಆದ ಮೇಲೆ ಅನ್ನುವ ಹಾಗೆ. ಅಮ್ಮನ ದೀಪವೂ ಅದೇ ಕೆಲಸ ಮಾಡಿದ್ದು. ನಿಮ್ಮ ಮನೆಯಲ್ಲಿ ದೀಪ ಹಚ್ಚುವ ಕ್ರಮ ಇಲ್ಲದಿದ್ದರೆ ಸಂಜೆಯ ಸ್ನಾನ ಇರಲಿ, ಚಾ ಇರಲಿ. ನೀವು ಆಫೀಸಿನಿಂದ ಬರುವುದು ಒಂದು ಬೇಡ.

ಇನ್ನು ಆ 5 ಗಂಟೆ. ಯಾಕೆ ಸ್ವಾಮಿ? 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲೇ ಹೇಳಿದೆ. ನಿಮ್ಮ ಲೆಕ್ಕದಲ್ಲಿ ಅವನಿಗೆ ಸಿಗುವುದು ಏಳು. ಬೇಗ ಎದ್ದು ಓದಿದರೆ ತಲೆಗೆ ಹೋಗುತ್ತದೆ ಅನ್ನುವವರು ಬೇಗ ಮಲಗಿಸುವ ಮಾತು ಮಾತ್ರ ಆಡುವುದಿಲ್ಲ. ಮೊದಲು ಮಲಗುವ ಹೊತ್ತು ಗಟ್ಟಿ ಮಾಡಿ. ಅದೊಂದಕ್ಕೆ ಗಡಿಯಾರ ನೋಡಿ, ಉಳಿದದ್ದಕ್ಕೆ ಬೇಡ. ಅವನನ್ನು ಮಲಗಲು ಕಳುಹಿಸಿ ನೀವು ಪಕ್ಕದಲ್ಲೇ ಟಿವಿ ಹಾಕಿ ಕೂರುವುದಾದರೆ ಈ ಉತ್ತರ ಓದಿದ್ದು ದಂಡ.

ರಜೆಯಲ್ಲಿ ಸಡಿಲ ಬಿಡಬಹುದಾ ಅಂತಲೂ ಕೇಳಿದ್ದೀರಿ. ಧಾರಾಳ ಬಿಡಿ. ಯಕ್ಷಗಾನ ಇದ್ದರೆ ನಮ್ಮ ಮಗಳು ಬರುತ್ತಾಳೆ. ಕಾಲಮಿತಿಯ ಆಟವಾದರೆ ಮಧ್ಯರಾತ್ರಿಗೆ ಮುಗಿಯುತ್ತದೆ, ಇಡೀ ರಾತ್ರಿಯದ್ದಾದರೆ ವೇಷ ಕಟ್ಟುವ ಚೌಕಿ ಹತ್ತಿರವೇ ನಿದ್ದೆ. ಮರುದಿನ ಒಂಬತ್ತಕ್ಕೆ ಪುನಃ ಹಾಸಿಗೆ, ಅಷ್ಟೇ. ತೊಂದರೆ ಇರುವುದು ಮಳೆಯ ರಜೆಯಲ್ಲಿ. ನಾಳೆ ಶಾಲೆಗೆ ರಜೆ ಅಂತ ಕಲೆಕ್ಟರ್ ಹೇಳಿದ್ದು ರಾತ್ರಿ ಫೋನಿಗೆ ಬಂದರೆ ಸಾಕು, ಮಕ್ಕಳು ಆ ಕ್ಷಣದಿಂದಲೇ ರಜೆ ಶುರು ಮಾಡುತ್ತವೆ. ಆ ಸುದ್ದಿಯನ್ನು ನಾನು ಬೆಳಿಗ್ಗೆ ದೋಸೆ ತಿನ್ನುವಾಗ ಹೇಳುತ್ತೇನೆ. ಮಗಳಿಗೆ ಈಗ ಈ ಉಪಾಯ ಗೊತ್ತಾಗಿದೆ, ಪಕ್ಕದ ಮನೆಗೆ ಹೋಗಿ ಕೇಳಿಕೊಂಡು ಬರುತ್ತಾಳೆ.