ಮೆಸ್ಸಿನ ಲೆಕ್ಕ ಕೇಳೋಕೆ ಸಂಕೋಚ ಯಾಕೆ?

ಬ್ಯಾಡಗಿ ಕಡೆಯ ಮೆಣಸಿನಕಾಯಿ ಬೆಳೆಗಾರರೊಬ್ಬರ ಪತ್ರ: “ಮಗಳಿಗೆ ಸಿಇಟಿಯಲ್ಲಿ ಬೆಂಗಳೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜು ಸಿಕ್ಕಿತು. ಫೀ ಕಟ್ಟಿ ಉಸಿರು ಬಿಟ್ಟೆವು. ಆಮೇಲೆ ಹಾಸ್ಟೆಲ್, ಮೆಸ್ ಸೇರಿ ವರ್ಷಕ್ಕೆ 1,32,000 ಅಂದರು. ಅದರಲ್ಲಿ ಊಟದ್ದು 72,000 ಅಂತ ಬಾಯಿಮಾತಲ್ಲಿ ಹೇಳಿದರು. ಹೆಚ್ಚು ಕೇಳಲು ಸಂಕೋಚ ಆಯ್ತು. ಪಿಜಿ ಅಗ್ಗ ಬೀಳುತ್ತದಾ?”

ಸಂಕೋಚ ಯಾಕೆ, ಯಜಮಾನರೇ? ಚೀಲಕ್ಕೆ ಎರಡು ಕಿಲೋ ಸೂಟು ಅಂತ ತೂಕದಲ್ಲಿ ಕಡಿದರೆ ಮಾರ್ಕೆಟ್ಟಿನಲ್ಲಿ ಜಗಳಕ್ಕೆ ನಿಲ್ಲುವವರು ನೀವು. ಕಾಲೇಜಿನ ಕೌಂಟರ್ ಮುಂದೆ ಮಾತ್ರ ನಾಲಿಗೆ ಒಣಗಿತಾ?

ಸಿಇಟಿ ಸೀಟಿನ ಫೀ ಸರ್ಕಾರ ಗೊತ್ತುಮಾಡುತ್ತದೆ. ಹಾಸ್ಟೆಲಿನದು ಕಾಲೇಜು ಹೇಳಿದ್ದೇ ರೇಟು. ಹಾಗಾಗಿ ಭಾಗಾಕಾರ ನಾವೇ ಮಾಡಬೇಕು. 72,000ವನ್ನು ಹತ್ತು ತಿಂಗಳಿಗೆ ಹಂಚಿ. ದಿನಕ್ಕೆ 240 ರೂಪಾಯಿ. ಆದರೆ ದಸರಾ, ದೀಪಾವಳಿ, ಊರ ಜಾತ್ರೆ, ಸೆಮಿಸ್ಟರ್ ರಜೆ ಕಳೆದು ಮಗಳು ಅಲ್ಲಿ ಉಂಡಿದ್ದು 200 ದಿನ ಅಂದುಕೊಳ್ಳಿ. ಆಗ ದಿನಕ್ಕೆ 360 ಆಯ್ತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಿಂದರೆ ಅದು ಬೇರೆ.

ಇಡಿಗಂಟು ಕಟ್ಟುವುದರಲ್ಲೂ ಒಂದು ಅನುಕೂಲ ಇದೆ. ಟೊಮೆಟೊ ಕಿಲೋಗೆ ನೂರು ದಾಟಿದರೂ ನಿಮ್ಮ ಬಿಲ್ಲು ಏರುವುದಿಲ್ಲ. ಆಯ್ತು, ಒಪ್ಪಿದೆ. ಸಾರಿನಲ್ಲಿ ಟೊಮೆಟೊ ಇರುತ್ತದಾ ಅನ್ನೋದು ಬೇರೆ ಮಾತು.

ನಾನು ಧಾರವಾಡದಲ್ಲಿ ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಡಿವೈಡಿಂಗ್ ಸಿಸ್ಟಮ್ ಇತ್ತು. ತಿಂಗಳ ಒಟ್ಟು ಖರ್ಚನ್ನು ಒಟ್ಟು ಊಟಗಳಿಂದ ಭಾಗಿಸುವುದು, ಅವರವರು ಉಂಡಷ್ಟು ಕಟ್ಟುವುದು. ಊರಿಗೆ ಹೋಗುವ ಮುಂಚೆ ರಿಜಿಸ್ಟರಿನಲ್ಲಿ ಬರೆದರೆ ಆ ದಿನಗಳ ದುಡ್ಡು ಉಳಿಯಿತು. ಮೆಸ್ ಸೆಕ್ರೆಟರಿ ನಮ್ಮೊಳಗೇ ಒಬ್ಬ. ನನ್ನ ಸರದಿ ಬಂದಾಗ ಅಗ್ಗ ಅಂತ ಎರಡು ಮೂಟೆ ಬದನೆಕಾಯಿ ತಂದುಬಿಟ್ಟೆ. ಬಿಲ್ಲೇನೋ ಇಳಿಯಿತು. ಹುಡುಗರು ಎಂಟು ದಿನ ಬದನೆಕಾಯಿ ತಿಂದು, ಒಂಬತ್ತನೇ ದಿನ ನನ್ನನ್ನೇ ಎಣ್ಣೆಗಾಯಿ ಮಾಡಲು ಬಂದರು. ಆದರೆ ಎಣ್ಣೆ ಎಷ್ಟು, ಸೌದೆ ಎಷ್ಟು, ಅಡುಗೆಯವರ ಸಂಬಳ ಎಷ್ಟು ಅಂತ ನೋಟಿಸ್ ಬೋರ್ಡಿನಲ್ಲಿ ಇರುತ್ತಿತ್ತು. ನಾಕಾಣೆ ವ್ಯತ್ಯಾಸಕ್ಕೆ ರಾತ್ರಿ ಹನ್ನೊಂದರವರೆಗೆ ಜಗಳ ಆಡಿದ್ದೇವೆ. ಆ ಜಗಳದಲ್ಲಿ ಕಲಿತ ಲೆಕ್ಕ ಬಿ.ಕಾಂ. ಕ್ಲಾಸಿನಲ್ಲಿ ಸಿಗಲಿಲ್ಲ.

ಇನ್ನು ಪಿಜಿ. ಬಾಡಿಗೆ ಕಡಿಮೆ ಕಂಡರೂ ಕರೆಂಟು, ಬಸ್ಸು, ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ಪೇಂಟಿಂಗ್ ಚಾರ್ಜು ಕೂಡಿಸಿ ನೋಡಿ. ಹಾಸ್ಟೆಲ್, ಪಿಜಿ ಬಾಡಿಗೆಗೆ 12% ಜಿಎಸ್‌ಟಿ ಅಂತ 2023ರಲ್ಲಿ ಬೆಂಗಳೂರಿನಲ್ಲೇ ಒಂದು ತೀರ್ಪು ಬಂದು ಗಾಬರಿ ಎದ್ದಿತ್ತು. 2024ರಲ್ಲಿ ಜಿಎಸ್‌ಟಿ ಮಂಡಳಿ, ತಿಂಗಳಿಗೆ 20,000ದೊಳಗಿನ ಬಾಡಿಗೆಗೆ, ಸತತ 90 ದಿನ ಇದ್ದರೆ, ತೆರಿಗೆ ಬೇಡ ಅಂದಿತು. ಹಾಗಾಗಿ ಆ ಹೆಸರಲ್ಲಿ ಯಾರಾದರೂ ಜಾಸ್ತಿ ಕೇಳಿದರೆ ಕೊಡಬೇಡಿ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ಸರ್ಕಾರಿ ಹಾಸ್ಟೆಲ್ ಸಿಗದ ಮಕ್ಕಳಿಗೆ ಊಟ, ವಸತಿಗೆ ಅಂತ ವಿದ್ಯಾಸಿರಿ ಯೋಜನೆ ಬಂತು. ಆಗ ಗೊತ್ತುಮಾಡಿದ್ದು ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳು. ದಿನಕ್ಕೆ 50. ಅದನ್ನು ಕೊಡಲು ಜಾತಿ ಪತ್ರ, ಆದಾಯ ಪತ್ರ ಎಲ್ಲ ಬೇಕು. ನಿಮ್ಮಿಂದ ದಿನಕ್ಕೆ 240 ತೆಗೆದುಕೊಳ್ಳುವವರು ಮಾತ್ರ ಒಂದು ಚೀಟಿಯನ್ನೂ ಕೊಡುವುದಿಲ್ಲ. ಕೇಳಿದರೆ ‘ಹಳ್ಳಿಯವರು’ ಅಂತ ಒಂದು ನೋಟ.

ಮತ್ತೊಮ್ಮೆ ಹೋಗಿ. ರೂಮು, ಊಟ ಬೇರೆ ಬೇರೆ ಬರೆದುಕೊಡಿ ಅನ್ನಿ. ಊರಿಗೆ ಹೋದ ದಿನಗಳಿಗೆ ರಿಬೇಟ್ ಉಂಟಾ, ಎಷ್ಟು ದಿನ ಮೊದಲು ತಿಳಿಸಬೇಕು, ವರ್ಷದ ನಡುವೆ ಬಿಟ್ಟರೆ ಏನು ವಾಪಸ್ಸು, ಕಾಷನ್ ಡಿಪಾಸಿಟ್ ಯಾವಾಗ ವಾಪಸ್ ಕೊಡ್ತೀರಿ ಅಂತಲೂ ಕೇಳಿ. ಬಾಯಿಮಾತು ಬೇಡ, ಕಾಗದದ ಮೇಲೆ.

ಅಂದ ಹಾಗೆ, ಮಗಳಿಗೆ ರೊಟ್ಟಿ ಬುತ್ತಿ ಕಳಿಸಬಹುದಾ ಅಂತ ಪತ್ರದ ಕೊನೆಗೆ ಕೇಳಿದ್ದೀರಿ. ಧಾರವಾಡಕ್ಕಾದರೆ ಹಳ್ಳಿಯ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಬೆಂಗಳೂರು ದೂರ. ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡಿ. ರೂಮಿನಲ್ಲಿ ನಾಲ್ಕು ಹುಡುಗಿಯರಿದ್ದರೆ ನಾಲ್ವರಿಗೂ ಆಗುವಷ್ಟು ಕಟ್ಟಿ.

— ಸಂಪಾದಕ