ಮಾತಾಡಿದ್ದಕ್ಕೇ ಅಲ್ವಾ ಕೆಟ್ಟಿದ್ದು?

ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: "ಲೋಕಸಭೆ ಚುನಾವಣೆ ವೇಳೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಜಗಳವಾಗಿ ನಾನು, ಅಣ್ಣ ಮಾತು ಬಿಟ್ಟಿದ್ದೇವೆ. ಬೇರೆ ಪಕ್ಷದವರ ಜೊತೆ ಕೂತು ಮಾತಾಡಿ ಅಂತ ನೀವು ಬರೆಯುತ್ತೀರಿ. ನಮ್ಮದು ಮಾತಾಡಿದ್ದಕ್ಕೇ ಅಲ್ವಾ ಕೆಟ್ಟಿದ್ದು?"

ಸಂಪಾದಕರ ಉತ್ತರ: ನಿಜ, ಸುಮ್ನೆ ಎದುರುಬದುರು ಕೂರಿಸಿದರೆ ಜಗಳವೇ ಜಾಸ್ತಿ. ಅದಕ್ಕೇ ಎದುರಾಳಿ ಪಕ್ಷಗಳ ಬೆಂಬಲಿಗರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಅಮೆರಿಕದ 'ಬ್ರೇವರ್ ಏಂಜಲ್ಸ್' ಸಂಸ್ಥೆಯವರು ಮಾತಿಗೆ ಕಟ್ಟುಪಾಡು ಹಾಕಿದರು. ಅವರ ಮೊದಲ ಸಭೆ ನಡೆದದ್ದು 2016ರ ಡಿಸೆಂಬರಿನಲ್ಲಿ, ಟ್ರಂಪ್ ಗೆದ್ದ ಮರುತಿಂಗಳು. ಒಹಾಯೊ ರಾಜ್ಯದ ಸೌತ್ ಲೆಬನಾನ್ ಎಂಬ ಸಣ್ಣ ಊರಲ್ಲಿ ಟ್ರಂಪ್ ಕಡೆಯ 10 ಜನ, ಹಿಲರಿ ಕ್ಲಿಂಟನ್ ಕಡೆಯ 11 ಜನ ಸೇರಿದ್ದರು. ಕ್ರಮ ರೂಪಿಸಿದವರು ಬಿಲ್ ಡೊಹರ್ಟಿ. ಗಂಡ ಹೆಂಡಿರ ಮನಸ್ತಾಪ ಬಗೆಹರಿಸಿ ಪಳಗಿದ ಆಪ್ತಸಲಹೆಗಾರ!

ಸಭೆಯಲ್ಲಿ ಅವರು ಮಾಡಿಸುವ ಒಂದು ಚಟುವಟಿಕೆ ನನಗೆ ಬಹಳ ಹಿಡಿಸಿತು. ಎರಡೂ ಗುಂಪು ಬೇರೆ ಬೇರೆ ಕೂರುತ್ತವೆ. ಎದುರಿನವರು ತಮ್ಮನ್ನು ಏನೆಂದು ಜರಿಯುತ್ತಾರೆ ಅಂತ ಪಟ್ಟಿ ಮಾಡುತ್ತವೆ. ಜನಾಂಗದ್ವೇಷಿಗಳು, ದೇಶಾಭಿಮಾನ ಇಲ್ಲದವರು, ಹೀಗೆ. ಪ್ರತಿಯೊಂದಕ್ಕೂ ಅವರೇ ಎರಡು ಉತ್ತರ ಕೊಡಬೇಕು. ಇದರಲ್ಲಿ ಸುಳ್ಳೇನು? ಎಳ್ಳಷ್ಟಾದರೂ ನಿಜ ಇದೆಯಾ? ಆಮೇಲೆ ಅದನ್ನು ಎಲ್ಲರ ಮುಂದೆ ಹೇಳಬೇಕು. ತನ್ನ ಹುಳುಕನ್ನು ತಾನೇ ಹೇಳಿಕೊಂಡವನ ಮೇಲೆ ಹರಿಹಾಯುವುದು ಕಷ್ಟ. ನಮ್ಮ ಟಿವಿ ಚರ್ಚೆಗಳಲ್ಲಿ ಇಂಥದ್ದು ನಡೆದರೆ ನಿರೂಪಕರಿಗೆ ಕೆಲಸವೇ ಇರದು.

ಆದರೆ ಆ ಸಭೆಗೆ ಬಂದವರು ಮನಸ್ಸಿದ್ದೇ ಬಂದವರು. ನಿಮ್ಮ ಅಣ್ಣ ಹಾಗಲ್ಲ. ಇನ್ನೊಂದು ವಿಷಯ. 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಎರಡೂ ಪಕ್ಷದ ಅಪರಿಚಿತರನ್ನು ವಿಡಿಯೋ ಕಾಲ್‌ನಲ್ಲಿ ಜೋಡಿ ಮಾಡಿದ್ದರು. 'ನಿಮ್ಮ ಪಾಲಿನ ಚೆಂದದ ದಿನ ಹೇಗಿರುತ್ತದೆ' ಅಂತ ಮಾತಾಡಿದವರಲ್ಲಿ ದ್ವೇಷ ತಗ್ಗಿತು. ಎದುರಿನ ಪಕ್ಷ ಯಾಕೆ ಬೇಡ ಅಂತ ಮಾತಾಡಿದವರಲ್ಲಿ ತಗ್ಗಲಿಲ್ಲ. ತಗ್ಗಿದ್ದೂ ಮೂರು ತಿಂಗಳಲ್ಲಿ ಬಹುಪಾಲು ಮೊದಲಿನಂತಾಯಿತು.

ಹಾಗಾಗಿ ಚುನಾವಣೆಯಿಂದ ಶುರು ಮಾಡಬೇಡಿ. ವಾಟ್ಸಾಪ್ ಗುಂಪಿನಲ್ಲಂತೂ ಬೇಡವೇ ಬೇಡ. ಅಲ್ಲಿ ನೆಂಟರೆಲ್ಲ ನೋಡುತ್ತಿರುತ್ತಾರೆ, ಸೋಲಲು ಯಾರಿಗೂ ಮನಸ್ಸು ಬಾರದು. ಅಣ್ಣನಿಗೆ ನೀವೇ ಫೋನ್ ಮಾಡಿ. ಅಡಿಕೆ ಧಾರಣೆ ಕೇಳಿ, ಅತ್ತಿಗೆಯನ್ನು ವಿಚಾರಿಸಿ, ಇಟ್ಟುಬಿಡಿ. ವಾರ ಬಿಟ್ಟು ಮತ್ತೆ ಮಾಡಿ. ರಾಜಕೀಯ ಅವರೇ ಎತ್ತಿದರೆ, ನಿಮ್ಮ ಪಕ್ಷದಲ್ಲಿ ನಿಮಗೆ ಹಿಡಿಸದ್ದೇನು ಅನ್ನುವುದನ್ನು ಮೊದಲು ಹೇಳಿ. ಅಣ್ಣ ಅದನ್ನೇ ಹಿಡಿದು ಎರಡು ಮಾತು ಜಾಸ್ತಿ ಆಡಬಹುದು, ಆಡಲಿ. ಅವರ ವೋಟು ಬದಲಾಗುತ್ತದೆ ಅನ್ನುವ ಆಸೆ ಮಾತ್ರ ಇಟ್ಟುಕೊಳ್ಳಬೇಡಿ.